ಏರಿನಲ್ಲಿ ಕೇಳದ ಸದ್ದು

"ಈಗ ಕೇಳ್ರಿ, ಪ್ರಾಣೇಶಣ್ಣ. ಟಣಟಣ ಅನ್ನಾಕತ್ತೈತಿ," ಎಂದು ವನಜಾ ಆಕ್ಸಿಲರೇಟರ್ ಒತ್ತಿದಳು.

ಹಳೆಯ ಫಿಯೆಟ್ ಬಂಜಾರಾ ಹಿಲ್ಸ್‌ನ ಏರು ಹತ್ತುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಪ್ರಾಣೇಶ ಕತ್ತು ಚಾಚಿ ಕಿವಿಗೊಟ್ಟ. ಎಂಜಿನ್ನಿನ ಗುರುಗುಟ್ಟುವಿಕೆ ಕೇಳಿಸಿತು, ವನಜಾಳ ಮಾತೂ ಕೇಳಿಸಿತು. ಟಣಟಣ ಮಾತ್ರ ಕೇಳಿಸಲಿಲ್ಲ.

ಮೆಹದಿಪಟ್ಟಣಂ ಬಸ್ ನಿಲ್ದಾಣದ ಹಿಂದೆ ಮೂವತ್ತು ವರ್ಷದಿಂದ ಅವನ ಗ್ಯಾರೇಜು. ಹೈಟೆಕ್ ಸಿಟಿಗೆ ಓಡಾಡುವ ಹೊಸ ಕಾರುಗಳಲ್ಲಿ ಪೆಟ್ರೋಲ್ ಹೊತ್ತಿಸುವ ಕಿಡಿ ಹಾರುವ ಹೊತ್ತನ್ನು ಕಂಪ್ಯೂಟರೇ ನೋಡಿಕೊಳ್ಳುತ್ತಿತ್ತು. ಅವು ಅವನ ಬಳಿ ಬರುತ್ತಿರಲಿಲ್ಲ. ಹಳೆಯವು ಬರುತ್ತಿದ್ದದ್ದು ಅವನ ಕಿವಿಯನ್ನು ನಂಬಿ. ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ, ಸದ್ದು ಆಲಿಸಿ ಕಿಡಿಯ ಟೈಮಿಂಗ್ ಕೂರಿಸುತ್ತಿದ್ದ. ಶಾಲೆಯ ಟೀಚರಾದ ವನಜಾ ಸೋಮವಾರ ಬಂದು ದೂರಿದಾಗ, "ಎಲ್ಲಾ ಬರೋಬ್ಬರಿ ಐತ್ರಿ. ಪೆಟ್ರೋಲ್ ಖರಾಬ್ ಇರ್ಬೇಕು," ಎಂದು ಕಳಿಸಿಬಿಟ್ಟಿದ್ದ.

"ಕೇಳಿಸ್ತೇನ್ರಿ?"

"ಗಾಡಿ ಬಾಜೂಕ ಹಚ್ರಿ," ಎಂದ.

ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರ್ ಬಿಚ್ಚಿ ಇಣುಕಿದ. ಒಳಗಿನ ಪುಟ್ಟ ಸ್ಪ್ರಿಂಗೊಂದು ಸಡಿಲಾಗಿ ಜೋತುಬಿದ್ದಿತ್ತು. ಅದರಿಂದಲೇ ವೇಗ ಹೆಚ್ಚಿದಾಗ ಕಿಡಿ ಹೊತ್ತಿಗೆ ಮೊದಲೇ ಹಾರುತ್ತಿತ್ತು. ಹೀಗೇ ಓಡಿಸಿದರೆ ಪಿಸ್ಟನ್ನೇ ತೂತು ಬೀಳುತ್ತದೆ.

"ನಾಳೆ ಇದೇ ಗಾಡ್ಯಾಗ ಅವ್ವನ್ನ ಗುಲಬರ್ಗಾಕ್ಕ ಕರ್ಕೊಂಡು ಹೋಗ್ಬೇಕ್ರಿ. ನಾಡಿದ್ದ ಆಪರೇಷನ್ ಐತಿ," ಎಂದಳು ವನಜಾ.

ಆ ಸ್ಪ್ರಿಂಗ್ ಇಂದು ಸಿಗುವಂಥದ್ದಲ್ಲ. ಸದ್ಯಕ್ಕೆ ಕಿಡಿಯನ್ನು ತುಸು ತಡವಾಗಿಸಬಹುದು. ಎಷ್ಟು ಎಂಬುದನ್ನು ಕಿವಿಯೇ ಹೇಳಬೇಕು.

ಅವನು ಸ್ಪ್ಯಾನರನ್ನೇ ನೋಡುತ್ತ ನಿಂತ. "ಟೀಚರ್, ನೀವ ಕೇಳಿ ಹೇಳ್ರಿ. ನನಗ ಕೇಳಿಸವಲ್ದು."

ಅವನು ಎಲ್ಲ ಜೋಡಿಸಿ ಡಿಸ್ಟ್ರಿಬ್ಯೂಟರನ್ನು ಒಂದಿಷ್ಟು ತಿರುಗಿಸಿದ, ಏರು ಹತ್ತಿದರು. "ಇನ್ನೂ ಐತ್ರಿ." ಕೆಳಗಿಳಿದು ಮತ್ತೆ ತಿರುಗಿಸಿದ. "ಸ್ವಲ್ಪ ಐತಿ." ಮೂರನೆಯ ಸಲ ಏರು ಹತ್ತುವಾಗ ಅವನು ರಸ್ತೆ ನೋಡುವುದನ್ನು ಬಿಟ್ಟು ಅವಳ ಮುಖವನ್ನೇ ನೋಡಿದ.

"ಹೋತ್ರಿ. ಈಗ ಸಾಫ್ ಐತಿ."

"ಖರೇನಾ?"

"ಖರೇನ್ರಿ."

ಅವಳು ಅವನತ್ತ ತಿರುಗದೆ ಹೇಳಿದಳು. ಎದುರಿಗೆ ಬಸ್ಸು ಬರುತ್ತಿದ್ದುದಕ್ಕೋ, ಅವನ ಮೇಲೆ ಕನಿಕರ ಬಂದಿದ್ದಕ್ಕೋ ತಿಳಿಯಲಿಲ್ಲ. ಅವನು ಡ್ಯಾಷ್‌ಬೋರ್ಡಿನ ಮೇಲೆ ಅಂಗೈ ಊರಿದ. ಇಡೀ ಕಾರು ನಡುಗುತ್ತಿತ್ತು. ಅದಕ್ಕಿಂತ ಹೆಚ್ಚೇನೂ ತಿಳಿಯಲಿಲ್ಲ.

"ಭಾಳ ಜೋರ್ ಹೊಡೀಬ್ಯಾಡ್ರಿ," ಎಂದಷ್ಟೇ ಹೇಳಿ ಗ್ಯಾರೇಜಿನ ಮುಂದೆ ಇಳಿದ.

ಹೊರಟ ಕಾರು ನಾಲ್ಕು ಮಾರು ಹೋಗಿ ನಿಂತಿತು. ವನಜಾ ಕಿಟಕಿಯಿಂದ ತಲೆ ಹೊರಹಾಕಿ ಏನೋ ಕೂಗಿದಳು. ಮಾತು ತಿಳಿಯದಿದ್ದರೂ ಅವನು ಹೌದೆಂಬಂತೆ ತಲೆಯಾಡಿಸಿದ. ಅವಳು ಮತ್ತೆ ಕೂಗಿ, ಉತ್ತರಕ್ಕೆ ಕಾಯುತ್ತ ಅವನನ್ನೇ ನೋಡಿದಳು. ಪ್ರಾಣೇಶ ಇನ್ನೊಮ್ಮೆ ತಲೆಯಾಡಿಸಿದ.