ಜೋಲಾಡದ ಕೇಬಲ್ ಟ್ರೇ

ನಾನು ಒಂದು ಕೇಬಲ್ ಟ್ರೇ. ಟ್ರೇ ಎಂದ ಕೂಡಲೇ ಚಹಾ ಕಪ್ಪು ನೆನೆಸಿಕೊಳ್ಳಬೇಡಿ. ನಾನು ಅಡ್ಡ ಮಲಗಿದ ಉದ್ದನೆಯ ಕಬ್ಬಿಣದ ಏಣಿ. ಸೂರಿನಿಂದ ಇಳಿದ ಸರಳುಗಳು ನನ್ನನ್ನು ಹಿಡಿದಿರುತ್ತವೆ, ನಾನು ಕರೆಂಟಿನ ಕೇಬಲ್‌ಗಳನ್ನು ಹೊತ್ತಿರುತ್ತೇನೆ. ಜನರನ್ನು ನಾನು ಮೇಲಿನಿಂದಲೇ ನೋಡಿದವನು. ಮುಖಕ್ಕಿಂತ ನೆತ್ತಿ ನೋಡಿ ಗುರುತು ಹಿಡಿಯುತ್ತೇನೆ. ನನಗೆ ಸಿಟ್ಟು ಸ್ವಲ್ಪ ಜಾಸ್ತಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹುಟ್ಟಿದ್ದು ಹೈದರಾಬಾದಿನ ಹೊರಗಿನ ಒಂದು ಶೆಡ್ಡಿನಲ್ಲಿ. ತಗಡು ಕತ್ತರಿಸಿ, ಬಗ್ಗಿಸಿ, ಅಡ್ಡಪಟ್ಟಿ ಬೆಸೆದು, ಕಾದ ಸತುವಿನಲ್ಲಿ ಅದ್ದಿ ತೆಗೆದರು. ಆ ಉರಿ ಈಗಲೂ ನೆನಪಿದೆ. ಅಲ್ಲಿಂದ ಕಲಬುರಗಿಯ ಒಂದು ದಾಲ್ ಮಿಲ್ಲಿಗೆ ಹೋದೆ. ಅಲ್ಲಿ ನನ್ನನ್ನು ಸೂರಿನಿಂದ ಒಂದು ಗೇಣು ಕೆಳಗೆ, ಮೋಟು ಸರಳುಗಳಿಗೆ ಬಿಗಿದರು. ಮೇಲೆ ನಾಲ್ಕು ಕೇಬಲ್, ಅಷ್ಟೇ. ತೊಗರಿ ಒಡೆಯುವ ಯಂತ್ರಗಳು ದಿನವಿಡೀ ಕಟ್ಟಡವನ್ನೇ ನಡುಗಿಸುತ್ತಿದ್ದವು, ಆದರೂ ನಾನು ಅಲುಗಲಿಲ್ಲ. ಗೇಣುದ್ದದ ಸರಳಿಗೆ ತೂಗಾಡಲು ಜಾಗವೆಲ್ಲಿ? ಹಗುರಾದ ಹೊರೆಗೆ ಇನ್ನೊಂದು ಆಸರೆ ಯಾಕೆ? ಬೇಡದ್ದನ್ನು ಕೇಳುವ ಜಾಯಮಾನ ನನ್ನದಲ್ಲ.

ಮಿಲ್ಲು ಮುಚ್ಚಿತು. ಒಬ್ಬ ಗುತ್ತಿಗೆದಾರ ನನ್ನನ್ನು ಬಿಚ್ಚಿಸಿ ಲಾರಿಗೆ ಹಾಕಿದ. ಬೀದರಿನ ಕಡೆಯ ಒಂದು ಆಸ್ಪತ್ರೆಯ ನೆಲಮಾಳಿಗೆಗೆ ಬಂದು ಬಿದ್ದೆ. ಅಲ್ಲಿ ನೀರಿನ ಪೈಪು, ಎಸಿ ಪೈಪುಗಳು ನನಗಿಂತ ಮೊದಲೇ ಬಂದು ಸೂರಿಗೆ ಅಂಟಿಕೊಂಡು ಕೂತಿದ್ದವು. ನನಗೆ ಉಳಿದದ್ದು ಎರಡು ಮೊಳ ಕೆಳಗಿನ ಜಾಗ. ಉದ್ದನೆಯ ಸರಳುಗಳಿಗೆ ಉಯ್ಯಾಲೆಯ ಹಾಗೆ ಇಳಿಬಿಟ್ಟರು. ಗುತ್ತಿಗೆದಾರನ ಎಂಜಿನಿಯರು ಒಂದು ಕಾಗದ ಬರೆದ: ಹೊರೆ ಹಗುರ, ಭೂಕಂಪಕ್ಕೆ ತೂಗಾಡದಂತೆ ಹಿಡಿಯುವ ಆಸರೆ ಬೇಕಿಲ್ಲ. ಅವನನ್ನು ನಾನು ಬೈಯುವುದಿಲ್ಲ. ಆ ದಿನ ನನ್ನ ಮೇಲಿದ್ದದ್ದು ಆರೇ ಕೇಬಲ್.

ಆಮೇಲೆ ಶುರುವಾಯಿತು. ಹೊಸ ಲಿಫ್ಟ್ ಬಂತು, ಅದರ ಕೇಬಲ್ ನನ್ನ ಮೇಲೆ. ಸ್ಕ್ಯಾನಿಂಗ್ ಯಂತ್ರ ಬಂತು, ಅದರದ್ದೂ ನನ್ನ ಮೇಲೆ. ಟಿವಿ, ಕ್ಯಾಮೆರಾ, ಇಂಟರ್‌ನೆಟ್, ಯಾರೇ ಬರಲಿ, ಸ್ಟೂಲ್ ಹತ್ತಿ, ಹೊಸ ವೈರು ಎಸೆದು ಇಳಿಯುವುದು. ಹಳೆಯದು ಸತ್ತಿದ್ದರೂ ತೆಗೆಯುವುದಿಲ್ಲ. ಯಾವುದು ಸತ್ತಿದೆ, ಯಾವುದು ಬದುಕಿದೆ ಎಂದು ಗೊತ್ತಿಲ್ಲದ ಮೇಲೆ ಮುಟ್ಟುವ ಗೊಡವೆ ಯಾಕೆ ಎಂಬುದು ಅವರ ಲೆಕ್ಕ. ಹದಿನಾಲ್ಕು ವರ್ಷಗಳಲ್ಲಿ ನನ್ನ ಬೆನ್ನು ಬಾಗಿತು. ಕಾಗದದಲ್ಲಿ ಮಾತ್ರ ನಾನು ಇನ್ನೂ ಹಗುರ.

ಹೀಗಿರುವಾಗ ಮೂರನೇ ಮಹಡಿಯಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳ ವಾರ್ಡು ತೆರೆದರು. ಐದು ಕೂಸುಗಳಿಗೆ ಉಸಿರು ಕೊಡುವ ಯಂತ್ರಗಳು. ಅವುಗಳ ಕರೆಂಟೂ ನನ್ನ ಬೆನ್ನಿನ ಮೇಲಿಂದಲೇ ಹೋಗಬೇಕು. ಅಂದಿನಿಂದ ನನಗೆ ನೆಮ್ಮದಿ ಹೋಯಿತು.

ನನ್ನ ಸಂಕಟ ಕಂಡವನು ಎಲೆಕ್ಟ್ರಿಷಿಯನ್ ವೈಜಿನಾಥ. ನಡುವಯಸ್ಸಿನವನು, ನೆತ್ತಿಯ ಮೇಲೆ ಎರಡು ಸುಳಿ. ಕೆಲಸಕ್ಕೆ ಸೇರಿದ ವಾರದಲ್ಲೇ ಒಂದು ಬೆರಳಿನಿಂದ ನನ್ನನ್ನು ಪಕ್ಕಕ್ಕೆ ನೂಕಿದ. ನಾನು ಈ ತುದಿಯಿಂದ ಆ ತುದಿಯವರೆಗೆ ಕಿರುಗುಟ್ಟಿ ತೂಗಾಡಿದೆ. ಅವನು ತಟ್ಟನೆ ಕೈ ತೆಗೆದ. ಸೀದಾ ಹೋಗಿ ಆಡಳಿತಾಧಿಕಾರಿ ಮಡಿವಾಳಯ್ಯನವರನ್ನು ಕರೆತಂದ.

"ಸರ, ಈ ಸರಳು ಭಾರ ತಡೀತಾವ, ಅಡ್ಡ ಹೊಡತ ತಡಿಯಲ್ಲ. ಅಡ್ಡಕ್ಕೂ ಉದ್ದಕ್ಕೂ ಕಬ್ಬಿಣದ ಆಂಗಲ್ ಪಟ್ಟಿ ಓರೆ ಹಾಕಿ ಸೂರಿಗಿ ಬಿಗೀಬೇಕು. ಭೂಮಿ ನಡುಗಿದ್ರ ಇದು ಹರಕೊಂಡು ಬೀಳ್ತದ."

"ಹದಿನಾಲ್ಕು ವರ್ಷ ಬೀಳದಿದ್ದದ್ದು ಈಗ ಬೀಳ್ತದೇನೋ?" ಎಂದು ಮಡಿವಾಳಯ್ಯ ನಕ್ಕರು. "ಕರೆಂಟ್ ಹೋದ್ರ ಜನರೇಟರ್ ಅದಲ್ಲ?"

"ಜನರೇಟರ್ ಕೇಬಲ್ಲೂ ಇದರ ಮ್ಯಾಲೇ ಅದರಿ."

ನಗು ನಿಂತಿತು, ಆದರೆ ಹಟ ನಿಲ್ಲಲಿಲ್ಲ. ಅವರು ಕಪಾಟಿನಿಂದ ಹಳೆಯ ಕಾಗದ ತರಿಸಿದರು. "ಇಲ್ಲಿ ನೋಡು, ಆಸರೆ ಬೇಕಿಲ್ಲ ಅಂತ ಬರದಾರ. ಎಂಜಿನಿಯರ್‌ಗಿಂತ ನೀ ಶಾಣ್ಯಾ ಏನು?"

ವೈಜಿನಾಥ ಕಾಗದ ಮಡಚಿ ಅವರ ಕೈಗೇ ಕೊಟ್ಟ. "ಕಿಲ್ಲಾರಿ ಭೂಕಂಪದಾಗ ನಮ್ಮ ಸೋದರತ್ತಿ ಮನಿ ಬಿತ್ರಿ. ನಾ ಸಣ್ಣಂವಿದ್ದೆ. ಅತ್ತಿನ್ನ ಕಲ್ಲಿನ ಕೆಳಗಿಂದ ತಗದದ್ದು ನೋಡೀನಿ. ಈ ಕಾಗದ ಆರು ಕೇಬಲ್ ಇದ್ದಾಗಿನದು. ಇವತ್ತು ಬೇಕಿಲ್ಲ ಅಂದ್ರ, ಇವತ್ತಿನ ತಾರೀಖು ಹಾಕಿ, ಐದು ಕೂಸು ಮ್ಯಾಲ ಅವ ಅಂತ ಬರದು, ನೀವೇ ಸಹಿ ಮಾಡ್ರಿ. ನಾ ಸುಮ್ಮನಾಗ್ತೀನಿ."

ಮಡಿವಾಳಯ್ಯನವರ ಪೆನ್ನು ಜೇಬಿನಿಂದ ಹೊರಗೆ ಬಂತು. ಕಾಗದದವರೆಗೂ ಬಂತು. ಅಲ್ಲಿ ನಿಂತಿತು. ಕಚೇರಿಗಳಲ್ಲಿ ಬೇಡ ಎಂದು ಬಾಯಿಂದ ಹೇಳಲು ನೂರು ಜನ ಸಿಗುತ್ತಾರೆ, ಅದನ್ನೇ ಬರೆದು ಸಹಿ ಹಾಕಲು ಒಬ್ಬರೂ ಸಿಗುವುದಿಲ್ಲ. ಪೆನ್ನು ಮತ್ತೆ ಜೇಬಿಗೆ ಹೋಯಿತು. "ಮಾಡ್ಕೋ ಮಾರಾಯಾ," ಎಂದು ಗೊಣಗುತ್ತಾ ಮೆಟ್ಟಿಲು ಹತ್ತಿದರು.

ಎಂಟು ದಿನ ಕೆಲಸ ನಡೆಯಿತು. ವೈಜಿನಾಥ ಒಂದೊಂದೇ ಕೇಬಲ್ ಪರೀಕ್ಷಿಸಿ ಸತ್ತವನ್ನೆಲ್ಲ ಎಳೆದು ಹಾಕಿದ. ಒಂದು ಟೆಂಪೊ ತುಂಬಿತು. ಹೊಸ ಎಂಜಿನಿಯರರು ಬಂದು ಉಳಿದ ಹೊರೆ ಅಳೆದು, ಎಲ್ಲೆಲ್ಲಿ ಆಂಗಲ್ ಬೇಕೆಂದು ಗುರುತು ಹಾಕಿ ಕೊಟ್ಟರು. ಪಕ್ಕದಿಂದ ಓರೆಯಾಗಿ, ಉದ್ದಕ್ಕೆ ಓರೆಯಾಗಿ, ಸೂರಿನ ಕಾಂಕ್ರೀಟಿಗೆ ಬೋಲ್ಟ್ ಕೊರೆದು ನನ್ನನ್ನು ಬಿಗಿದರು. ಹೇಳಬಾರದು, ಮೊದಲು ಬಹಳ ಹಿಂಸೆಯಾಯಿತು. ಕೈಕಾಲು ಕಟ್ಟಿಹಾಕಿದಂತಿತ್ತು. ಆದರೆ ವೈಜಿನಾಥ ಬಂದು ಎರಡೂ ಕೈಯಿಂದ ನೂಕಿದಾಗ ನಾನು ಕದಲಲಿಲ್ಲ. ಅಂದು ಮೊದಲ ಸಲ ನನಗೆ ನನ್ನ ಮೇಲೆ ಗರ್ವ ಬಂತು.

ಐದು ತಿಂಗಳ ನಂತರ, ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅದು ಬಂತು. ಮೊದಲು ದೂರದಲ್ಲಿ ಲಾರಿ ಗುಡುಗಿದ ಸದ್ದು. ನೆಲ ಅಡ್ಡಕ್ಕೆ ಎಳೆಯಿತು, ಹಿಂದಕ್ಕೆ ಒದೆಯಿತು. ಟ್ಯೂಬ್‌ಲೈಟುಗಳು ಕಳಚಿ ಬಿದ್ದು ಒಡೆದವು. ಪೈಪೊಂದು ಕಿತ್ತುಬಂದು ನೀರು ಚಿಮ್ಮಿತು. ನನ್ನ ಮೇಲಿನ ಹೊರೆಯೆಲ್ಲ ಒಂದೇ ಕಡೆ ನುಗ್ಗಿತು. ಎಳೆ, ಎಷ್ಟು ಎಳೆಯುತ್ತೀಯೋ ಎಳೆ ಎಂದೆ ನಾನು ಭೂಮಿಗೆ. ಆಂಗಲ್‌ಗಳು ನರಳಿದವು, ಒಂದು ಬೋಲ್ಟ್ ಕೂಗಿಕೊಂಡಿತು. ಬಿಡಲಿಲ್ಲ ನಾವು, ಯಾರೂ ಬಿಡಲಿಲ್ಲ.

ನೆಲ ನಿಂತ ಕೂಡಲೇ ವೈಜಿನಾಥ ಮೂರನೇ ಮಹಡಿಗೆ ಓಡಿದ. ಅಲ್ಲಿ ಏನಾಯಿತೆಂದು ಆಮೇಲೆ ನನ್ನ ಕೆಳಗೆ ನಿಂತು ಹೇಳಿದವಳು ಕೂಸುಗಳ ವಾರ್ಡಿನ ನರ್ಸ್ ಸಲೋಮಿ: "ಐದೂ ಮಷೀನ್ ನಡೀತಿದ್ವು, 'ಒಂದೂ ನಿಂತಿಲ್ಲ ಅಣ್ಣಾ' ಅಂದೆ. ವೈಜಿನಾಥಣ್ಣ ಬಾಗಿಲದಾಗೇ ಕುಂತು ಅತ್ತುಬಿಟ್ಟ."

ಮರುದಿನ ಮಡಿವಾಳಯ್ಯ ಬಂದು ಗಾಜಿನ ಚೂರು ತುಳಿಯದಂತೆ ನಡೆಯುತ್ತಾ ನನ್ನನ್ನು ನೋಡಿದರು. "ಏನೂ ಆಗಿಲ್ಲ ನೋಡು ಇದಕ್ಕ. ಸುಮ್ಮ ಹಾಕ್ಸಿದಿ ಆ ಆಂಗಲ್."

"ಹೌದ್ರಿ ಸರ," ಎಂದ ವೈಜಿನಾಥ. "ಏನೂ ಆಗಿಲ್ಲ."

ನನಗೆ ಉತ್ತರ ಕೊಡಲು ಬಾಯಿಲ್ಲ, ಇದ್ದಿದ್ದರೆ ಸಾಹೇಬರು ಅಂದು ಊಟ ಮಾಡುತ್ತಿರಲಿಲ್ಲ.

ಈಗ ನನ್ನ ಮೂಲೆಗಳಲ್ಲಿ ತುಕ್ಕು ಕಾಣಿಸಿದೆ. ಹೊಸ ಕಟ್ಟಡ ಏಳುತ್ತದಂತೆ, ನನ್ನನ್ನು ಗುಜರಿಗೆ ಹಾಕುತ್ತಾರಂತೆ. ಹಾಕಲಿ. ಆದರೆ ಬಿಚ್ಚಲು ಬರುವವನೇ, ಕೇಳು. ಮೊದಲು ಮೇಲಿನ ವಾರ್ಡಿನ ಕೂಸುಗಳಿಗೆ ಬೇರೆ ದಾರಿಯಿಂದ ಕರೆಂಟು ಮುಟ್ಟಿಸು. ಆಮೇಲೆ ನನ್ನ ಬೋಲ್ಟಿಗೆ ಕೈ ಹಾಕು. ಅಲ್ಲಿಯವರೆಗೆ ನೀನು ನೂಕಿದರೂ ಅಷ್ಟೇ, ಭೂಮಿ ನೂಕಿದರೂ ಅಷ್ಟೇ, ನಾನು ಒಂದು ಬೆರಳೂ ಜರುಗುವುದಿಲ್ಲ.