ಗಿರಗಿಟ್ಲೆ ಮತ್ತು ಇಬ್ಬರು ಅಳಿಯಂದಿರು

ನಾನು ಬೀದಿಗಿಳಿದರೆ ಊರಿನ ನಾಯಿಗಳೆಲ್ಲ ಎದ್ದು ನಿಲ್ಲುತ್ತವೆ. ಇದು ಜಂಬವಲ್ಲ, ಬೇಕಾದರೆ ನಾಯಿಗಳನ್ನೇ ಕೇಳಿ. ಇಷ್ಟು ವರ್ಷ ಮಾಂಸದಂಗಡಿ ನಡೆಸಿದವನ ಮೈವಾಸನೆಗೆ ಜಗತ್ತಿನ ಸೋಪುಗಳೆಲ್ಲ ಸೋತು ಶರಣಾಗಿವೆ. ಹಲ್ಲುದುರಿದ ಮುದಿನಾಯಿಗಳೂ ನನ್ನನ್ನು ಕಂಡರೆ ಹರೆಯ ನೆನೆಸಿಕೊಂಡು ಕುಣಿಯುತ್ತವೆ. ಒಮ್ಮೆ ನಾನು ಬಸ್ಸು ಹತ್ತಿದಾಗ ನನ್ನ ಹಿಂದೆ ಹತ್ತಿದ ನಾಯಿಗಳಿಗೆ ಸೀಟು ಸಾಲದೆ ಕಂಡಕ್ಟರು ಇಳಿದು ನಡೆದುಕೊಂಡು ಹೋದ.

ಅಂಥ ನನ್ನನ್ನು ಬಿಟ್ಟು ಒಂದು ಯಃಕಶ್ಚಿತ್ ಮರಿನಾಯಿ ಗಡಿಯಾರ ರಿಪೇರಿ ಮಾಡುವವನ ಮುಖ ನೋಡತೊಡಗಿತು ಎಂದರೆ ಹೊಟ್ಟೆ ಉರಿಯದೆ ತಣ್ಣಗಿರುತ್ತದೆಯೇ? ಅವನೇನು ಹೊರಗಿನವನಲ್ಲ. ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ.

ನಾಯಿ ನಮ್ಮ ಅತ್ತೆಯದು. ಅದರ ಕತ್ತು ಒಂದು ಕಡೆ ನಿಂತ ದಾಖಲೆಯೇ ಇಲ್ಲವಾದ್ದರಿಂದ ಗಿರಗಿಟ್ಲೆ ಎಂದು ಹೆಸರಿಟ್ಟಿದ್ದರು. ಎಲೆ ಉದುರಿದರೆ ಎಲೆಯ ಹಿಂದೆ, ನೊಣ ಹಾರಿದರೆ ನೊಣದ ಹಿಂದೆ. ಏನೂ ಸಿಗದಿದ್ದರೆ ತನ್ನ ಬಾಲವನ್ನೇ ಯಾರೋ ಹೊಸಬರೆಂದು ತಿಳಿದು ಪರಿಚಯ ಮಾಡಿಕೊಳ್ಳಲು ಸುತ್ತುತ್ತಿತ್ತು. ಒಂದು ದಿನ ಪಾರಿವಾಳ ಕಂಡು ಹಾರಿತು. ಹಗ್ಗದ ಇನ್ನೊಂದು ತುದಿಯಲ್ಲಿದ್ದ ಅತ್ತೆಯೂ ಹಾರಿದರು. ಪಾರಿವಾಳಕ್ಕೆ ಏನೂ ಆಗಲಿಲ್ಲ, ಅತ್ತೆಯ ಕಾಲು ಮುರಿಯಿತು.

ನಾಯಿಯನ್ನು ಊರಾಚೆಯ ಗೋದಾಮಿನ ಕಾವಲುಗಾರನಿಗೆ ಕೊಟ್ಟುಬಿಡುವುದೆಂದು ಹೆಣ್ಣುಮಕ್ಕಳಿಬ್ಬರೂ ತೀರ್ಮಾನಿಸಿದರು. ಅಲ್ಲಿ ಅದಕ್ಕೆ ಒಂದು ಸರಪಳಿ, ಒಂದು ಕಂಬ, ಅಷ್ಟೇ ಪ್ರಪಂಚ. ಅತ್ತೆ ಮಂಚದಿಂದಲೇ ಗುಡುಗಿದರು.

“ಪ್ಲಾಸ್ಟರ್ ಬಿಚ್ಚೋವರೆಗೆ ತಡೀರಿ. ಆಮೇಲೆ ನಾನೇ ಹಗ್ಗ ಹಿಡ್ಕೊಂಡು ಮಾರ್ಕೆಟ್ ತನಕ ಹೋಗಿಬರ್ತೀನಿ. ಒಂದ್ಸಲ ಎಳೀತು ಅಂದ್ರೆ ಅವತ್ತೇ ಕೊಟ್ಬಿಡಿ, ನಾನು ತುಟಿ ಬಿಚ್ಚಲ್ಲ. ಅಲ್ಲೀವರೆಗೆ ಅಳಿಯಂದ್ರಿಬ್ರೂ ಸೇರಿ ದಿನಾ ತಿರುಗಾಡ್ಸಿ ಬುದ್ಧಿ ಕಲ್ಸಿ.”

“ಇಬ್ರು ಯಾಕತ್ತೆ, ನಾನೊಬ್ನೇ ಸಾಕು. ಹುಲಿ ತಂದುಕೊಟ್ರೂ ವಾರದೊಳಗೆ ಬಾಗಿಲಿಗೆ ಚಿಲ್ಕ ಹಾಕೋದು ಕಲಿಸ್ತೀನಿ” ಎಂದೆ.

“ನೀವು ಮೊದ್ಲು ಬಚ್ಚಲ ಲೈಟು ಆರ್ಸೋದು ಕಲೀರಿ” ಎಂದಳು ಹೆಂಡತಿ.

ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಇಬ್ಬರೂ ಹೊರಟೆವು. ಹೋಗುವಾಗ ಹಗ್ಗ ನನ್ನ ಕೈಯಲ್ಲಿ, ಬರುವಾಗ ಅವನ ಕೈಯಲ್ಲಿ ಎಂದು ಮಾತಾಗಿತ್ತು. ನಾನು “ನಿಲ್ಲು!” ಎಂದು ಕೂಗಿದ ಅಬ್ಬರಕ್ಕೆ ಎದುರಿಗೆ ಬರುತ್ತಿದ್ದ ಹಾಲಿನವನ ಸೈಕಲ್ಲು ನಿಂತಿತು, ಎರಡು ಲಾರಿ ನಿಂತವು, ನಾಯಿ ಮಾತ್ರ ನಿಲ್ಲಲಿಲ್ಲ. ಔಷಧಿ ಅಂಗಡಿ, ಹೊಲಿಗೆ ಅಂಗಡಿ, ಶಾಲೆಯ ಗೇಟು ಮೂರನ್ನೂ ನಾನು ಒಂದೇ ಉಸಿರಿನಲ್ಲಿ ದಾಟಿದೆ. ಚಪ್ಪಲಿಯಿಂದ ಹೊಗೆ ಬಂತು.

ಬರುವಾಗ ಷಡ್ಡಕ ಹಗ್ಗ ಹಿಡಿದ. ನಾಯಿ ಎಳೆಯಿತು, ಅವನು ನಿಂತ. ಬೈಯಲಿಲ್ಲ, ಜಗ್ಗಲಿಲ್ಲ, ಸುಮ್ಮನೆ ನಿಂತ. ನಾಯಿ ನೊಣ ನೋಡಿತು, ಗೋಡೆ ನೋಡಿತು, ಆಕಾಶ ನೋಡಿತು. ಕೊನೆಗೆ ಬೇರೇನೂ ಉಳಿಯದೆ ಅವನ ಮುಖ ನೋಡಿತು. ತಕ್ಷಣ ಉಗುರಿನಷ್ಟು ತಿನಿಸು ಕೊಟ್ಟು ಮುಂದೆ ನಡೆದ.

“ಹಿಂಗೆ ನಿಂತ್ರೆ ತಲೆ ಮೇಲೆ ಕಾಗೆ ಗೂಡು ಕಟ್ತದೆ ಕಣೋ” ಎಂದೆ.

“ಕಟ್ಲಿ ಬಿಡಣ್ಣಾ. ಎಳೆದ್ರೆ ದಾರಿ ನಿಲ್ತದೆ, ಮುಖ ನೋಡಿದ್ರೆ ದಾರಿ ಶುರುವಾಗ್ತದೆ. ಅಷ್ಟು ಗೊತ್ತಾದ್ರೆ ಸಾಕು ಇದಕ್ಕೆ.”

ಅವನು ಕೊಟ್ಟ ತಿನಿಸು ಯಾವುದು ಗೊತ್ತೇ? ಒಣಗಿಸಿದ ಲಿವರಿನ ಚೂರು. ಅದೂ ನನ್ನ ಅಂಗಡಿಯದು! ನನ್ನ ಹೆಂಡತಿಯೇ ತಂಗಿಗೆ ಪುಕ್ಕಟೆ ಕಟ್ಟಿಕೊಟ್ಟಿದ್ದಳು.

ದಿನದಿನಕ್ಕೆ ನಾಯಿ ಅವನ ಮೊಣಕಾಲಿಗೆ ಅಂಟಿಕೊಳ್ಳುತ್ತ ಬಂತು. ಅತ್ತೆ ಕಿಟಕಿಯಿಂದ ನೋಡಿ, “ಚಿಕ್ಕಳಿಯಂದ್ರ ಕೈ ನೋಡ್ರೇ! ಹಗ್ಗಾನಾ ಹೂವು ಹಿಡಿದಂಗೆ ಹಿಡೀತಾರೆ” ಎಂದು ಬೀದಿಗೆಲ್ಲ ಸಾರುತ್ತಿದ್ದರು. ಆಗ ನನ್ನ ಹೊಟ್ಟೆಯೊಳಗೆ ಎದ್ದ ಬೆಂಕಿಯಲ್ಲಿ ಇಡೀ ಊರಿಗೆ ಸ್ನಾನದ ನೀರು ಕಾಯಿಸಬಹುದಿತ್ತು. ದೊಡ್ಡಳಿಯ ನಾನು. ಮೊದಲು ಆ ಮನೆಯ ಹೊಸಿಲು ದಾಟಿದವನು ನಾನು. ಹೂವು ಹಿಡಿಯುವ ಕೈ ಅವನದಂತೆ!

ಒಂದು ಉಪಾಯ ಹೂಡಿದೆ. “ನಂಗೆ ಮೊಣಕಾಲು ನೋವು ಮಾರಾಯ, ಎರಡೂ ಕಡೆ ನೀನೇ ಹಿಡ್ಕೋ” ಎಂದು ಹಗ್ಗ ಅವನಿಗೆ ಒಪ್ಪಿಸಿ ಹಿಂದೆ ಉಳಿದೆ. ಅವನ ಪಾಠವನ್ನು ಕೆಡಿಸುವುದು, ಅವನು ಕೈಚೆಲ್ಲಿದ ಮೇಲೆ ಕೊನೆಯ ವಾರದಲ್ಲಿ ನಾನು ಬಂದು ನಾಯಿಯನ್ನು ಉದ್ಧಾರ ಮಾಡುವುದು, ಅತ್ತೆಯ ಕಣ್ಣಲ್ಲಿ ನೀರು. ಎಷ್ಟು ಚಂದದ ಲೆಕ್ಕಾಚಾರ!

ಮೊದಲು ಜೇಬಿನಲ್ಲಿ ಕಾಗದ ಪರಪರ ಎನ್ನಿಸಿದೆ. ಗಿರಗಿಟ್ಲೆ ಗಿರ್ರನೆ ತಿರುಗಿ ಷಡ್ಡಕನ ಕಾಲಿಗೆ ಹಗ್ಗ ಸುತ್ತಿ ಅವನನ್ನು ಪಾರ್ಸೆಲ್ ಮಾಡಿತು. ಅಂಥ ಆನಂದ ನನಗೆ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಮರುದಿನ ಬೀಗದ ಕೈ ಗೊಂಚಲು ಕುಣಿಸಿದೆ. ಆಮೇಲೆ ರಬ್ಬರ್ ಚೆಂಡು, ಸೈಕಲ್ ಬೆಲ್ಲು, ದಾರಕ್ಕೆ ಕಟ್ಟಿ ಎಳೆದ ಕೋಳಿಕಾಲು. ಷಡ್ಡಕ ಒಮ್ಮೆಯೂ ಹಿಂದಕ್ಕೆ ನೋಡಲಿಲ್ಲ. ನಿಂತ, ಕಾದ, ನಡೆದ.

ಬರಬರುತ್ತ ನಾಯಿ ತಿರುಗುವುದನ್ನು ಬಿಟ್ಟಿತು. ಕಿವಿಯೊಂದೇ ಅಲ್ಲಾಡುತ್ತಿತ್ತು. ಆಮೇಲೆ ಅದೂ ನಿಂತಿತು. ನಾನು ಹಟ ಬಿಡಲಿಲ್ಲ, ಬೆಕ್ಕಿನಂತೆ ಕೂಗಿದೆ. ನನ್ನ ಮಿಯಾಂವ್ ಕೇಳಿ ಸುತ್ತಮುತ್ತಲಿನ ಮಹಡಿಗಳಿಂದ ಗಂಡುಬೆಕ್ಕುಗಳು ಸಂಬಂಧ ಬೆಳೆಸಲು ಇಳಿದು ಬಂದವು. ನಾಯಿ ಷಡ್ಡಕನ ಮುಖ ನೋಡುತ್ತ ನಡೆಯಿತು.

ನಾನು ಕೊನೆಯ ವಾರಕ್ಕೆ ಕಾಯುತ್ತಿದ್ದೆ, ಅತ್ತೆ ಕಾಯಲಿಲ್ಲ. ಪ್ಲಾಸ್ಟರ್ ಬಿಚ್ಚಿ ಕಾಲು ಸ್ವಲ್ಪ ಊರುವಂತಾದದ್ದೇ ತಡ, ಒಂದು ಬೆಳಿಗ್ಗೆ ಯಾರಿಗೂ ಹೇಳದೆ ಎದ್ದುಬಿಟ್ಟರು. ನಾನು ಮಾರ್ಕೆಟ್ಟಿನ ನನ್ನ ಅಂಗಡಿಯಲ್ಲಿ ಎಲುಬಿನ ತಟ್ಟೆ ಎತ್ತಿ ತಿರುಗುತ್ತೇನೆ, ಎದುರು ರಸ್ತೆಯಲ್ಲಿ ಅತ್ತೆ! ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನಾಯಿಯ ಹಗ್ಗ. ಮಾರು ದೂರದಲ್ಲಿ, ಸುದ್ದಿ ತಿಳಿದು ಓಡಿಬಂದ ಹೆಣ್ಣುಮಕ್ಕಳು, ಷಡ್ಡಕ. ಗಾಬರಿಯಲ್ಲಿ ತಟ್ಟೆ ಕೈಜಾರಿತು.

ಆ ಸದ್ದಿಗೆ ಪಕ್ಕದ ಊರಿನವರು ಎದ್ದು ಕೂತಿರಬೇಕು. ಎಲುಬುಗಳು ಉರುಳಿ ರಸ್ತೆಗಿಳಿದವು. ಮೂಲೆಮೂಲೆಯಿಂದ ಬೀದಿನಾಯಿಗಳು ನುಗ್ಗಿದವು. ಈ ಸಲ ನಾನು ಬೇಕೆಂದು ಮಾಡಿದ್ದಲ್ಲ, ಆಣೆ! ಅತ್ತೆಯ ಆ ಸಣಕಲು ಕಾಲು, ಗೋದಾಮಿನ ಆ ಕಂಬ ಎರಡೂ ಕಣ್ಣಿಗೆ ಕಟ್ಟಿದವು. ಎಳೀಬೇಡ್ವೋ, ನನ್ನಪ್ಪಾ, ಎಳೀಬೇಡ ಎಂದು ಒಳಗೇ ಅಂಗಲಾಚಿದೆ. ನಾಯಿಯ ಮುಂದೆ ನಾನು ಅಂಗಲಾಚಿದ್ದು ಅದೇ ಮೊದಲು.

ಗಿರಗಿಟ್ಲೆ ನಿಂತಿತು. ಅತ್ತೆಯ ಮುಖ ನೋಡಿತು. ಅತ್ತೆ ಉಸಿರು ಬಿಟ್ಟು ಕೋಲು ಮುಂದಿಟ್ಟರು. ಅದೂ ಹೆಜ್ಜೆ ಇಟ್ಟಿತು. ಎಲುಬುಗಳ ನಡುವೆ, ಕಚ್ಚಾಡುವ ನಾಯಿಗಳ ಪಕ್ಕ, ಸಾಕ್ಷಾತ್ ನನ್ನ ಮುಂದೆ ಹಾದು ಹೋಯಿತು. ನಾನು ಲೈಟುಕಂಬವಾಗಿದ್ದರೆ ಮೂಸಿಯಾದರೂ ನೋಡುತ್ತಿತ್ತು.

ಮನೆಯಲ್ಲಿ ಷಡ್ಡಕನಿಗೆ ಹೊಗಳಿಕೆಯ ಸುರಿಮಳೆ. ನಾಯಿ ಇಲ್ಲೇ ಇರುತ್ತದೆಂದು ಅತ್ತೆ ಅತ್ತು ನಕ್ಕರು.

“ನೀವೇನು ಮಾಡಿದ್ರಿ? ಹಿಂದೆ ಹಿಂದೆ ಸುತ್ತಿ ಬಂದ್ರಿ” ಎಂದಳು ಹೆಂಡತಿ.

ಮಾತು ನಾಲಿಗೆ ತುದಿಗೆ ಬಂದಿತ್ತು. ಸಿಡಿಲು ಬಡಿದರೂ ಕಣ್ಣು ಮಿಟುಕಿಸದ ಹಾಗೆ ಆ ನಾಯಿಯನ್ನು ಹದ ಮಾಡಿದವನು ನಾನು! ಆದರೆ ಹೇಗೆಂದು ಕೇಳಿದರೆ? ಕಳ್ಳನಿಗೆ ಚೇಳು ಕುಟುಕಿದ ಹಾಗಾಯಿತು. ಬದುಕಿನಲ್ಲಿ ಒಮ್ಮೆ ನಿಜವಾಗಿ ಏನಾದರೂ ಸಾಧಿಸಿದ್ದೆ, ಅದನ್ನೇ ಹೇಳುವಂತಿಲ್ಲ.

ಷಡ್ಡಕ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ. “ಅಣ್ಣಾ, ಅರ್ಧ ಕೆಲಸ ನಿಮ್ದೇ. ದುಡ್ಡು ಕೊಟ್ರೂ ಅಷ್ಟು ಬಗೆ ಸದ್ದು ಮಾಡೋರು ಸಿಗ್ತಿರ್ಲಿಲ್ಲ. ಅತ್ತೆಗೆ ಹೇಳ್ಲಾ?”

“ಬಾಯ್ಮುಚ್ಚು! ನಿಂಗೆ ಗೊತ್ತಿತ್ತಾ?”

“ಮೊದಲ್ನೇ ದಿನದಿಂದ್ಲೂ. ಮಿಯಾಂವ್ ಅಂದ್ಮೇಲೆ ಯಾವ ಬೆಕ್ಕಣ್ಣಾ ಕೆಮ್ತದೆ?”

ನನ್ನ ಕುತಂತ್ರವನ್ನೂ ಅವನು ಒಂದು ಹಲ್ಲುಚಕ್ರ ಮಾಡಿ ತನ್ನ ಯಂತ್ರದೊಳಗೆ ಕೂರಿಸಿಕೊಂಡಿದ್ದ! ಆರಿದ್ದ ಹೊಟ್ಟೆ ಮತ್ತೆ ಧಗ್ಗೆಂದಿತು. ಅಂಗಡಿಗೆ ಓಡಿ, ಆನೆಯದೆಂದರೂ ನಂಬಬಹುದಾದ ಒಂದು ಎಲುಬು ತಂದು ನಾಯಿಯ ಮೂಗಿಗೇ ಹಿಡಿದೆ. ಅದು ಜೊಲ್ಲು ಸುರಿಸುತ್ತ ಅತ್ತೆಯ ಮುಖ ನೋಡಿತು.

“ತಗೋ ಮರಿ, ಪರವಾಗಿಲ್ಲ. ಅವ್ರೂ ನಮ್ಮೋರೇ” ಎಂದರು ಅತ್ತೆ.

ಎಲುಬು ಕಚ್ಚಿಕೊಂಡು ಅದು ನೆಟ್ಟಗೆ ಷಡ್ಡಕನ ಕುರ್ಚಿಯ ಕೆಳಗೆ ಹೋಗಿ ಮಲಗಿತು. “ಎಲುಬು ಕೊಟ್ಟಿದ್ದು ನಾನು!” ಎಂದು ಮನೆ ನಡುಗುವ ಹಾಗೆ ಹೇಳಿದೆ. ಯಾರೂ ತಿರುಗಿ ನೋಡಲಿಲ್ಲ. ನಾಯಿಯ ಕಿವಿ ಕೂಡ ಅಲ್ಲಾಡಲಿಲ್ಲ.