ಟೈಲರಮ್ಮನ ನಾಯಿ ನಾರುತ್ತದಂತೆ

ನಾಯಿ ನಾರುತ್ತದಂತೆ! ಹೇಳಿದವರಾದರೂ ಯಾರು? ಮೂರನೇ ಮಹಡಿಯ ಹೆಡ್‌ಮಾಸ್ಟರು. ಕೆಲಸ ಬಿಟ್ಟು ಏಳು ವರ್ಷವಾದರೂ ಜೇಬಿನ ಕೆಂಪು ಪೆನ್ನು ಬಿಡದ ಮನುಷ್ಯ. ಕಟ್ಟಡದ ಸಂಘಕ್ಕೆ ಕಾರ್ಯದರ್ಶಿ ಬೇರೆ. ಸೋಮವಾರ ಬೆಳಿಗ್ಗೆ ಮೆಟ್ಟಿಲ ಬಳಿಯ ಹಲಗೆಗೆ ಅವರು ಒಂದು ಚೀಟಿ ಅಂಟಿಸಿದ್ದರು: "ನೆಲಮಹಡಿಯ ಪ್ರಾಣಿಯಿಂದ ದುರ್ವಾಸನೆ ಬರುತ್ತಿದೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಸರಿಹೋಗದಿದ್ದರೆ ಪ್ರಾಣಿಯನ್ನು ಹೊರಗೆ ಕಳಿಸತಕ್ಕದ್ದು." ದುರ್ವಾಸನೆಯ ಕೆಳಗೆ ಎರಡು ಗೆರೆ.

ನೆಲಮಹಡಿಯಲ್ಲಿ ಇದ್ದದ್ದು ಒಂದೇ ಮನೆ. ಮುಂದಿನ ಕೋಣೆ ಹೊಲಿಗೆ ಅಂಗಡಿ, ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ಗಂಡ, ಹೆಂಡತಿ, ಗುಂಡಿ ಅನ್ನುವ ನಾಯಿ. ಹೆಂಡತಿಯನ್ನು ಇಡೀ ಬೀದಿ ಟೈಲರಮ್ಮ ಎಂದು ಕರೆಯುತ್ತಿತ್ತು. ಕೊರಳಲ್ಲಿ ಅಳತೆ ಟೇಪು, ಬೆರಳ ತುದಿಯಲ್ಲಿ ಸೀಮೆಸುಣ್ಣದ ಪುಡಿ, ಮೂಗಿನ ತುದಿಯಲ್ಲಿ ಕೋಪ. ಇಷ್ಟಿದ್ದರೆ ಟೈಲರಮ್ಮ.

ಚೀಟಿ ಓದಿದವಳೇ ಮೆಟ್ಟಿಲ ಬುಡದಲ್ಲಿ ನಿಂತು ಮೇಲಕ್ಕೆ ಮುಖ ಮಾಡಿ ಶುರುಹಚ್ಚಿಕೊಂಡಳು. "ಪ್ರಾಣಿಯಂತೆ ಪ್ರಾಣಿ! ಅವನಿಗೊಂದು ಹೆಸರಿಲ್ವಾ? ನೀವೆಲ್ಲ ಇಳಿದು ಹೋಗೋವಾಗ ಅವನ ತಲೆ ಸವರಿ ಹೋಗ್ತಿದ್ರಲ್ಲ, ಆವಾಗ ಮೂಗು ಎಲ್ಲಿ ಬಿಟ್ಟಿದ್ರಿ? ವಾಸನೆ ನಾಯೀದೇ ಅಂತ ಯಾವ ದೇವರು ಬಂದು ಹೇಳಿದ ನಿಮಗೆ? ಕೋತಿ ತಾನು ತಿಂದು ಮೇಕೆ ಮೂತಿಗೆ ಒರೆಸ್ತಂತೆ. ಹಾಗಾಯ್ತು ನಿಮ್ಮ ನ್ಯಾಯ!"

ಎರಡನೇ ಮಹಡಿಯಲ್ಲಿ ಒಂದು ಕಿಟಕಿ ಮೆಲ್ಲಗೆ ಮುಚ್ಚಿಕೊಂಡಿತು.

ಅವಳ ಸಿಟ್ಟಿಗೆ ಇನ್ನೊಂದು ಕಾರಣವಿತ್ತು. ಹಿಂದಿನ ವಾರವಷ್ಟೇ ಬ್ಯಾಂಕಿನವರೊಬ್ಬರು ಹೊಸ ಕೋಟನ್ನು ವಾಪಸ್ ತಂದು, "ಹೊಲಿಗೆ ಚೆನ್ನಾಗಿದೆಯಮ್ಮ, ಆದ್ರೆ ಕೋಟು ಒಂಥರಾ ನಾಯಿ ನಾಯಿ ವಾಸನೆ..." ಎಂದು ಮಾತು ನುಂಗಿಕೊಂಡಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕೈಯಿಂದ ಹೋದ ಬಟ್ಟೆ ಹಾಗೆ ತಿರುಗಿ ಬಂದದ್ದಿಲ್ಲ. ಅವಳು ಕೋಟಿನೊಳಗೆ ಮುಖ ಹುದುಗಿಸಿ ಮೂಸಿ ನೋಡಿದಳು. ಮಿಷಿನ್ ಎಣ್ಣೆ, ಇಸ್ತ್ರಿಯ ಆವಿ, ಹೊಸ ಬಟ್ಟೆಯ ಗಂಜಿ. ಅಷ್ಟೇ. ಅವಳಿಗೆ ಬೇರೇನೂ ಬರಲಿಲ್ಲ. ಇಡೀ ದಿನ ಜೊತೆಗೇ ಇರುವ ವಾಸನೆ ಮೂಗಿಗೆ ಎಲ್ಲಿ ಬರುತ್ತದೆ ಹೇಳಿ.

ಸರಿ, ನಾಯಿಯದಲ್ಲದಿದ್ದರೆ ಮತ್ತೆ ಯಾರದು? ಪತ್ತೆ ಮಾಡಿಯೇ ಬಿಡುವುದೆಂದು ಹೊರಟಳು. ಮೆಟ್ಟಿಲ ಕೆಳಗಿನ ಕಸದ ಡಬ್ಬಿಗಳ ಮುಚ್ಚಳ ತೆಗೆದಳು, ಚರಂಡಿಯ ಜಾಲರಿಗೆ ಬಗ್ಗಿ ಮೂಸಿದಳು, ಒಂದೊಂದು ಮಹಡಿಯಲ್ಲೂ ಬಾಗಿಲ ಮುಂದೆ ಬಿಟ್ಟ ಚಪ್ಪಲಿ ಬೂಟುಗಳನ್ನು ಬಿಡಲಿಲ್ಲ. ಹೆಡ್‌ಮಾಸ್ಟರ ಬೂಟಿನೊಳಗಿದ್ದ ಕಾಲುಚೀಲವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದದ್ದೇ ಅವರು ಬಾಗಿಲು ತೆರೆದರು.

"ಏನಮ್ಮ ಇದು?"

"ದುರ್ವಾಸನೆ ಹುಡುಕ್ತಿದ್ದೀನಿ ಸಾರ್. ನೀವೇ ತಾನೆ ಬರೆದದ್ದು?"

"ಅದು ನನ್ನ ಕಾಲುಚೀಲ."

"ಹೂಂ, ಗೊತ್ತಾಯ್ತು," ಎಂದು ಅದನ್ನು ಮೊದಲಿದ್ದ ಕಡೆಯೇ ಹಾಕಿ ಇಳಿದುಬಂದಳು. ಕಾಲುಚೀಲಕ್ಕೆ ವಾಸನೆಯೇನೋ ಇತ್ತು, ಆದರೆ ನೆಲಮಹಡಿಯವರೆಗೆ ಇಳಿದು ಬರುವಷ್ಟು ತಾಕತ್ತು ಅದಕ್ಕಿರಲಿಲ್ಲ. ಸುಳ್ಳು ಹೇಳಬಾರದು.

ಆಮೇಲೆ ಗುಂಡಿಯ ಸರದಿ. ಬಾಯಿ ಬಿಡಿಸಿದಳು, ಹಲ್ಲು ನೆಟ್ಟಗಿದ್ದವು. ಕಿವಿ ಮಗುಚಿ ನೋಡಿದಳು, ಒಳಗೆ ಸ್ವಚ್ಛ. ಕಾಲ್ಬೆರಳ ಸಂದಿ, ಬಾಲದ ಬುಡ, ಹೊಟ್ಟೆಯ ಮಡಿಕೆ, ಒಂದನ್ನೂ ಬಿಡಲಿಲ್ಲ. ಮಲಗುವ ಗೋಣಿಯನ್ನು ಬಿಸಾಡಿ ಹೊಸದು ಹಾಸಿದಳು. ಪ್ರಾಣಿಗಳ ಆಸ್ಪತ್ರೆಗೂ ಹೋದಳು. ಎರಡು ತಾಸು ಸಾಲಿನಲ್ಲಿ ಕಾದ ಮೇಲೆ ಅಲ್ಲಿನ ಡಾಕ್ಟರು ಕುರ್ಚಿಯಿಂದ ಏಳದೆ, ಗುಂಡಿಯ ಮೈ ಮುಟ್ಟದೆ, "ಶಾಂಪೂ ಬರೆದಿದ್ದೀನಿ, ದಿನ ಬಿಟ್ಟು ದಿನ ಸ್ನಾನ ಮಾಡಿಸಿ. ಮುಂದಿನವರು ಬನ್ನಿ," ಎಂದರು. ಡಾಕ್ಟರು ಕುರ್ಚಿಯಿಂದ ಏಳಲೇ ಇಲ್ಲವೆಂದು ಮೆಟ್ಟಿಲ ಬುಡದಲ್ಲಿ ನಿಂತು ಇಡೀ ಕಟ್ಟಡಕ್ಕೆ ಸಾರಿದಳು. ಸ್ನಾನ ಮಾಡಿಸಿದಳು. ದಿನ ಬಿಟ್ಟು ದಿನ ಯಾಕೆ, ದಿನಾಲೂ ಮಾಡಿಸಿದಳು. ಗುರುವಾರದ ಹೊತ್ತಿಗೆ ಗಿರಾಕಿಗಳು ಬಟ್ಟೆ ಕೊಡಲು ಬಂದವರು ಹೊಸ್ತಿಲಾಚೆಯೇ ನಿಂತು ಕೈ ಚಾಚತೊಡಗಿದರು. ತೊಳೆದಷ್ಟೂ ವಾಸನೆ ಹೆಚ್ಚುತ್ತಿತ್ತು. ಇದ್ಯಾವ ಸೀಮೆ ನ್ಯಾಯ!

"ನೋಡೇ," ಎಂದ ಗಂಡ ಆ ರಾತ್ರಿ ಊಟಕ್ಕೆ ಕೂತಾಗ. ಮುದ್ರಣಾಲಯದಲ್ಲಿ ಕಾಗದ ಕತ್ತರಿಸುವ ಕೆಲಸ ಅವನದು, ಮಾತು ಕಡಿಮೆ. "ಗುಂಡಿ ಕೊರಳಿನ ಆ ಬೆಲ್ಟು ತೆಗೆದು ಒಂದ್ಸಲ ತೊಳೀಬಾರ್ದಾ?"

"ರೀ, ಬೆಲ್ಟಿನ ಸುದ್ದಿ ಎತ್ತಬೇಡಿ. ದಿನಾ ಅದಕ್ಕೂ ಶಾಂಪೂ ಹಾಕಿ ಉಜ್ತಿದ್ದೀನಿ. ಮೂಸಿ ನೋಡಿ ಬೇಕಾದ್ರೆ, ಘಮ್ ಅನ್ನತ್ತೆ."

"ಅಲ್ಲ, ತೆಗೆದು..."

"ತೆಗೆದು? ಮರೆತುಹೋಯ್ತಾ ನಿಮಗೆ? ನಾಲ್ಕು ದಿನ ಅನ್ನ ನೀರು ಬಿಟ್ಟು ಬೀದಿ ಬೀದಿ ಅಲೆದದ್ದು ನಾನು, ನೀವಲ್ಲ!"

ಗಂಡ ತಲೆ ತಗ್ಗಿಸಿ ಉಣ್ಣತೊಡಗಿದ.

ಆ ಕಥೆ ಹೀಗೆ. ಎರಡು ವರ್ಷದ ಹಿಂದೆ ಗುಂಡಿ ಇನ್ನೂ ಬಡಕಲು ಮರಿ. ಸ್ನಾನಕ್ಕೆಂದು ಕೊರಳಿನ ಚರ್ಮದ ಬೆಲ್ಟಿನ ಬಕಲು ಬಿಚ್ಚಿದ್ದಳು. ಸೋಪಿನ ಮೈಯಲ್ಲೇ ಅದು ಜಾರಿ ಬೀದಿಗೆ ಓಡಿತು. ಕೊರಳು ಬರಿದಾಗಿದ್ದ ನಾಯಿಯನ್ನು ನಾಯಿ ಹಿಡಿಯುವ ಗಾಡಿಯವರು ಬೀದಿನಾಯಿ ಎಂದೇ ಎತ್ತಿ ಹಾಕಿಕೊಂಡು ಹೋದರು. ನಾಲ್ಕನೇ ದಿನ ಊರಾಚೆಯ ದೊಡ್ಡಿಯಲ್ಲಿ ಸಿಕ್ಕಿತು. "ಬೆಲ್ಟೇ ಇಲ್ಲ, ನಿಮ್ಮದೇ ಅನ್ನೋಕೆ ಏನು ಗುರುತು?" ಎಂದು ಅಲ್ಲಿಯ ಗುಮಾಸ್ತ ಕೇಳಿದ್ದ. ಆ ದಿನವೇ ಶಪಥ ಮಾಡಿದಳು, ಇನ್ನು ಇವನ ಕೊರಳು ಒಂದು ಗಳಿಗೆಯೂ ಬರಿದಾಗಿರಬಾರದು.

ಕೆಂಪು ವೆಲ್ವೆಟ್ಟಿನಲ್ಲಿ ಹೊಸ ಬೆಲ್ಟು ಹೊಲಿದಳು. ಕೊರಳಿಗೆ ಒತ್ತಬಾರದೆಂದು ಒಳಗೆ ಕೋಟಿನ ಭುಜಕ್ಕಿಡುವ ಸ್ಪಂಜು ತುಂಬಿದಳು. ಮೇಲೆ ದಾರದಲ್ಲಿ ಫೋನ್ ನಂಬರು. ಬಕಲು ಇದ್ದರೆ ತಾನೇ ಬಿಚ್ಚುವುದು? ಬಕಲೇ ಇಡಲಿಲ್ಲ. ನಾಯಿಯ ಕೊರಳಿಗೆ ಸುತ್ತಿ, ಎರಡು ತುದಿಯನ್ನೂ ಕತ್ತಿನ ಹಿಂಭಾಗದಲ್ಲಿ ಗುಂಡಿ ಹಚ್ಚುವ ದಪ್ಪ ದಾರದಿಂದ ಹೊಲಿದುಬಿಟ್ಟಳು. ನೋಡಿದವರೆಲ್ಲ ಹೊಗಳಿದರು. ಹೆಡ್‌ಮಾಸ್ಟರೂ ಹೊಗಳಿದ್ದರು.

ಇತ್ತೀಚೆಗೆ ಮಾತ್ರ ಗುಂಡಿಗೆ ಆ ಬೆಲ್ಟಿನ ಮೇಲೆ ಏನೋ ಸಿಟ್ಟು. ಹಿಂಗಾಲಲ್ಲಿ ಕೆರೆದು ಕೆರೆದು ಹೊಲಿಗೆ ಕಿತ್ತುಹಾಕುತ್ತಿತ್ತು. "ನನ್ನ ಹೊಲಿಗೇನೇ ಕೀಳ್ತೀಯೇನೋ ಕಳ್ಳ! ಮತ್ತೆ ಆ ಗಾಡಿ ಹತ್ತಬೇಕಾ ನಿಂಗೆ?" ಎಂದು ಗದರಿ, ಹರಿದ ಅಂಚನ್ನು ಒಳಕ್ಕೆ ಮಡಚಿ, ಜೋಡಿ ದಾರ ಹಾಕಿ ಬಿಗಿಯಾಗಿ ಹೊಲಿಯುತ್ತಿದ್ದಳು. ಒಂದು ತಿಂಗಳಲ್ಲಿ ಮೂರು ಸಲ.

ಶನಿವಾರ ಸಂಜೆ ನಾದಿನಿ ಬಂದಳು. ಅವಳ ಗಂಡ ಊರಾಚೆಯ ಗೋದಾಮಿನಲ್ಲಿ ಕಾವಲುಗಾರ. "ಅತ್ತಿಗೆ, ಸುಮ್ನೆ ಯಾಕೆ ಜಗಳ? ನಾಳೆ ಇವರು ಬಂದು ಕರ್ಕೊಂಡು ಹೋಗ್ತಾರೆ. ಅಲ್ಲಿ ಗೇಟಿಗೆ ಕಟ್ಟಿಹಾಕಿದ್ರೆ ಯಾರ ಮೂಗಿಗೂ ತೊಂದ್ರೆ ಇಲ್ಲ. ಚೈನು ನಮ್ಮ ಹತ್ರಾನೇ ಇದೆ."

"ಕಬ್ಬಿಣದ ಚೈನಾ?"

"ಮತ್ತೆ ದಾರಾನಾ? ಎಷ್ಟಾದ್ರೂ ನಾಯಿ ಅಲ್ವಾ ಅತ್ತಿಗೆ."

ಟೈಲರಮ್ಮನ ಮೈಯೆಲ್ಲ ಉರಿದುಹೋಯಿತು. ಆದರೆ ವಾರವಿಡೀ ಹುಡುಕಿ ಸೋತಿದ್ದಳು. ಹಾಕಿದ ಶಾಂಪೂ, ತಿಕ್ಕಿದ ಕೈ, ಆಡಿದ ಜಗಳ, ಯಾವುದೂ ಕೆಲಸಕ್ಕೆ ಬಂದಿರಲಿಲ್ಲ. "ಹತ್ತು ಗಂಟೆಗೆ ಬರ್ಲಿ," ಎಂದು ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಭಾನುವಾರ ಬೆಳಗಾಯಿತು. ಗೋದಾಮಿನ ಗೇಟೆಂದರೆ ಬಯಲು, ಗಾಳಿ. ಹೋಗುವುದೇ ಆದರೆ ಬರಿಮೈಯಲ್ಲಿ ಹೋಗುವುದು ಬೇಡ, ಬೆನ್ನಿಗೊಂದು ದಪ್ಪ ಅಂಗಿಯಾದರೂ ಇರಲಿ ಎಂದುಕೊಂಡು ಹಳೇ ಉಣ್ಣೆಯ ತುಂಡು ಹಾಸಿದಳು. ಅಳತೆಯ ಪುಸ್ತಕ ತೆಗೆದರೆ ಗುಂಡಿಗೂ ಅದರಲ್ಲೊಂದು ಪುಟವಿತ್ತು. ಎರಡು ವರ್ಷದ ಹಿಂದಿನದು. ಕೊರಳು ಹನ್ನೆರಡು ಇಂಚು.

"ಬಾರೋ ಮರಿ, ನಿಲ್ಲು. ಕೊನೇ ಅಳತೆ," ಎಂದಳು.

ಬೆನ್ನು ಅಳೆದಳು, ಎದೆ ಅಳೆದಳು. ಕೊರಳಿಗೆ ಬೆಲ್ಟು ಅಡ್ಡವಿದ್ದದ್ದರಿಂದ ಅದರ ಮೇಲ್ಗಡೆ, ದಟ್ಟ ಕೂದಲೊಳಗೆ ಟೇಪು ಸುತ್ತಿದಳು. ಹದಿನಾರು. ತಪ್ಪಾಯಿತೆಂದು ಮತ್ತೆ ಸುತ್ತಿದಳು. ಹದಿನಾರೇ.

ಕಾಲರ್ ಹೊಲಿದ ಮೇಲೆ ಒಳಗೆ ಎರಡು ಬೆರಳು ಆಡಬೇಕು. ಹೊಲಿಗೆ ಕಲಿಯುವವರಿಗೆಲ್ಲ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠವದು. ಬೆಲ್ಟಿನ ಕೆಳಗೆ, ಗಂಟಲ ಹತ್ತಿರ, ಬೆರಳು ತೂರಿಸಲು ಹೋದಳು. ಎರಡು ಬಿಡಿ, ಒಂದೂ ಹೋಗಲಿಲ್ಲ. ಕಿರುಬೆರಳನ್ನು ಒತ್ತಿ ತಳ್ಳಿದಾಗ ಗುಂಡಿ ಕುಂಯ್ ಎಂದು ಕುಗ್ಗಿತು. ಕಚ್ಚಲಿಲ್ಲ. ಬೆರಳು ಒದ್ದೆಯಾಗಿ ಹೊರಬಂತು. ಮೂಗಿನ ಹತ್ತಿರ ತಂದಳು.

ಅದೇ! ಇಡೀ ಕಟ್ಟಡ ಹೇಳುತ್ತಿದ್ದ ವಾಸನೆ ಅದೇ. ಅವಳೊಬ್ಬಳಿಗೇ ಬಾರದಿದ್ದ ವಾಸನೆ.

"ರೀ! ಬನ್ರೀ ಇಲ್ಲಿ! ತಲೆ ಹಿಡ್ಕೊಳ್ಳಿ ಇವನ್ದು!" ಎಂದು ಕಿರುಚಿದಳು. ನೂಲು ಕತ್ತರಿಸುವ ಸಣ್ಣ ಕತ್ತರಿಯಿಂದ ತನ್ನದೇ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದಳು. ಎಂಥ ಗಟ್ಟಿ ಹೊಲಿಗೆ! ಜೋಡಿ ದಾರ, ಮೇಲೆ ಗಂಟು. ಬೆಲ್ಟು ಸುಲಭಕ್ಕೆ ಬರಲಿಲ್ಲ, ಅಂಟಿಕೊಂಡಿತ್ತು. ಬೆಚ್ಚನೆ ನೀರು ಹನಿಸಿ ಹನಿಸಿ ಬಿಡಿಸಿದರು. ಹೊರಗಿನ ವೆಲ್ವೆಟ್ಟು ಶಾಂಪೂವಿನಿಂದ ಘಮಘಮಿಸುತ್ತಿತ್ತು. ಒಳಗಿನ ಸ್ಪಂಜು ಕಪ್ಪಾಗಿ, ಕೊಳೆತು, ಹಿಂಡಿದರೆ ನೀರು ಸುರಿಯುತ್ತಿತ್ತು. ಪ್ರತಿ ಸ್ನಾನದ ನೀರನ್ನೂ ಅದು ಕುಡಿದು ಇಟ್ಟುಕೊಂಡಿತ್ತು. ಅದರ ಕೆಳಗೆ ಗುಂಡಿಯ ಗಂಟಲ ಸುತ್ತ ಕೂದಲೇ ಇರಲಿಲ್ಲ. ಬಳೆಯಗಲ ಕೆಂಪಗೆ ಹಸಿ ಮಾಂಸ.

ಗಂಡ ಮುಖ ಆಚೆ ತಿರುಗಿಸಿದ. ಗುರುವಾರದ ಮಾತನ್ನು ಅವನು ಎತ್ತಲಿಲ್ಲ, ಎತ್ತುವ ಜಾತಿಯೂ ಅಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳು ಮಹರಾಯ್ತಿ, ಹೆಡ್‌ಮಾಸ್ಟರ ಕಾಲುಚೀಲವನ್ನೂ ಬಿಡದೆ.

ಸರಿಯಾಗಿ ಹತ್ತು ಗಂಟೆಗೆ ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತರು. ಮೂಗಿಗೆ ಕರವಸ್ತ್ರ, ಕೈಯಲ್ಲಿ ಕಾಗದ. ಅವರ ಹಿಂದೆ ಗೋದಾಮಿನ ಕಾವಲುಗಾರ, ಕೈಯಲ್ಲಿ ಚೈನು.

"ನೋಡಮ್ಮ, ಹತ್ತಾಯ್ತು. ನಂಗೇನು ನಿನ್ನ ಮೇಲೆ ದ್ವೇಷ ಇಲ್ಲ. ಆದ್ರೆ ವಾಸನೆ..."

"ಸಿಕ್ತು ಸಾರ್ ವಾಸನೆ. ಒಳಗೆ ಬನ್ನಿ, ನೋಡಿ." ಅವಳು ಬೆಲ್ಟನ್ನು ಎತ್ತಿ ಅವರ ಮುಂದೆ ಹಿಡಿದಳು.

"ಅಂದ್ರೆ ನಾಯೀದೇ ತಾನೆ?"

"ನಾಯೀದಲ್ಲ! ನಂದು! ಇದನ್ನ ಹೊಲಿದವಳು ನಾನು. ದಿನಾ ಒದ್ದೆ ಮಾಡಿದವಳು ನಾನು. ಅವನು ಕಾಲಲ್ಲಿ ಕಿತ್ತು ಕಿತ್ತು ತೋರಿಸಿದ ಸಾರ್, ಮೂರು ಸಲ. ಮೂರು ಸಲಾನೂ ಇನ್ನೂ ಬಿಗಿಯಾಗಿ ಹೊಲಿದೆ. ಬರೀರಿ ನಿಮ್ಮ ಚೀಟೀಲಿ, ಪ್ರಾಣಿ ಅಂತಲ್ಲ, ನೆಲಮಹಡಿ ಹೆಂಗಸು ಅಂತ ಬರೀರಿ. ಕೆಳಗೆ ನಾಲ್ಕು ಗೆರೆ ಎಳೀರಿ! ಆ ಚೈನು ನಂಗೇ ಹಾಕಿ!"

ಹೆಡ್‌ಮಾಸ್ಟರು ಬೆಲ್ಟನ್ನು ನೋಡಿದರು, ನಾಯಿಯ ಕೊರಳನ್ನು ನೋಡಿದರು. ಕರವಸ್ತ್ರ ಮೂಗಿನಿಂದ ಇಳಿಯಿತು. "ಮೊದ್ಲು ಡಾಕ್ಟರ ಹತ್ರ ನಡೀಯಮ್ಮ," ಎಂದರು. "ನಾನೂ ಬರ್ತೀನಿ. ಈ ಸಲ ಅವರು ಕುರ್ಚಿಯಿಂದ ಏಳದಿದ್ರೆ ನೋಡ್ಕೋತೀನಿ." ಕಾವಲುಗಾರ ಚೈನನ್ನು ಚೀಲದೊಳಗೆ ತುರುಕಿ ಜಾಗ ಖಾಲಿ ಮಾಡಿದ. ಗಂಡ ಗಾಡಿ ಕರೆಯಲು ಓಡಿದ.

ಬೀದಿ ಬಾಗಿಲು ಹಾರುಹೊಡೆದಿತ್ತು. ಗುಂಡಿ ಎದ್ದು, ಬರಿದಾದ ಕೊರಳಿನಲ್ಲಿ ಹೊಸ್ತಿಲವರೆಗೆ ನಡೆಯಿತು. ಟೈಲರಮ್ಮ ಹಿಂದೆಯೇ ಎರಡು ಹೆಜ್ಜೆ ಹಾಕಿದಳು. ಗುಂಡಿ ಬೀದಿಯನ್ನೊಮ್ಮೆ ನೋಡಿ, ಮೈಯನ್ನು ತಲೆಯಿಂದ ಬಾಲದವರೆಗೆ ಜೋರಾಗಿ ಕೊಡವಿಕೊಂಡಿತು. ಅದು ಹಾಗೆ ಮೈ ಕೊಡವಿ ಎಷ್ಟೋ ದಿನವಾಗಿತ್ತು. ಆಮೇಲೆ ತಿರುಗಿ ಬಂದು ದಿನಾ ಮಲಗುವ ಹಾಗೆ ಹೊಲಿಗೆ ಮಿಷಿನ್ನಿನ ಪೆಡಲಿನ ಮೇಲೆ ಗದ್ದ ಇಟ್ಟು ಮಲಗಿತು.

"ಓಡಿಹೋಗೋದಲ್ವೇನೋ ದಡ್ಡ ಮುಂಡೇದೇ," ಎಂದು ಬೈಯುತ್ತಲೇ ಅವಳು ಅದರ ಪಕ್ಕ ಕುಸಿದು ಕೂತಳು. ಹತ್ತಿರಕ್ಕೆ ಎಳೆದುಕೊಳ್ಳಲು ಎಂದಿನ ಅಭ್ಯಾಸದಂತೆ ಕೊರಳಿಗೆ ಕೈ ಹಾಕಹೋದವಳು, ಅಲ್ಲಿ ಮುಟ್ಟಲು ಜಾಗವಿಲ್ಲದ್ದು ಕಂಡು ಕೈ ಹಿಂದಕ್ಕೆ ತೆಗೆದುಕೊಂಡಳು.